ಬೇಸಿಗೆ ರಜಕ್ಕೊಂದು ಕಾಲ್ಚೆಂಡು

ಏಪ್ರಿಲ್ ಎರಡನೆಯ ವಾರ ಬಂತೆಂದರೆ ಮಕ್ಕಳಿಗೆ ಹಬ್ಬ, ತಾಯಂದಿರಿಗೆ ತಲೆನೋವು. ಮೇ ಕೊನೆಯವರೆಗೆ ಇವರನ್ನು ಹಿಡಿದಿಡುವುದು ಹೇಗೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆಯೂ ಇದೇ ಮಾತು. ಪಾವಗಡದ ತಿರುಮಣಿಯಲ್ಲಿ ಸೋಲಾರ್ ಪಾರ್ಕನ್ನೇ ಕಟ್ಟಿದ್ದಾರೆಂದ ಮೇಲೆ ನಮ್ಮ ಕಡೆಯ ಬಿಸಿಲನ್ನು ನಾನೇನು ವರ್ಣಿಸಲಿ!

ಎರಡು ವರ್ಷದ ಹಿಂದೆ ನನ್ನ ಮಗ ಹೇಳದೆ ಕೇಳದೆ ಗೆಳೆಯರ ಜೊತೆ ಕಲ್ಲು ಕ್ವಾರಿಯ ನೀರಿಗೆ ಇಳಿದು ಬಂದಿದ್ದ. ಒದ್ದೆ ಚಡ್ಡಿ ನೋಡಿ ನನ್ನ ಎದೆ ಧಸಕ್ಕೆಂದಿತು. ಈಜು ಬಾರದ ಹುಡುಗ! ಬೈದೆ, ಎರಡೇಟೂ ಕೊಟ್ಟೆ. ಆಮೇಲೆ ನಾನೇ ಯೋಚಿಸಿದೆ: ಬೇಡ ಎನ್ನುವುದು ಸುಲಭ, ಅದರ ಬದಲು ಏನು ಮಾಡು ಅಂತ ಹೇಳಿದೆನೇ?

ನಮ್ಮ ಬೀದಿಯ ನಿವೃತ್ತ ಡ್ರಿಲ್ ಮೇಷ್ಟ್ರು ದಾರಿ ತೋರಿಸಿದರು. “ಒಂದು ಫುಟ್‌ಬಾಲ್ ಕೊಡಿಸಿ ತಾಯಿ, ಇಪ್ಪತ್ತು ಮಕ್ಕಳನ್ನ ನಾನು ನೋಡ್ಕೋತೀನಿ” ಅಂದರು. ಐದಾರು ಮನೆಯವರು ದುಡ್ಡು ಹಾಕಿ ಚೆಂಡು ತಂದೆವು. ಕ್ರಿಕೆಟ್ಟಾದರೆ ಬ್ಯಾಟು, ವಿಕೆಟ್ಟು ಬೇಕು. ಸರದಿ ಬರುವವರೆಗೆ ಬಿಸಿಲಲ್ಲಿ ಕಾಯಬೇಕು. ಇಲ್ಲಿ ಎಲ್ಲರೂ ಓಡುವವರೇ. ಬೆಳಿಗ್ಗೆ ಆರರಿಂದ ಏಳೂವರೆಗೆ ಆಟ ಮುಗಿದು, ಬಿಸಿಲೇರುವ ಹೊತ್ತಿಗೆ ಮಕ್ಕಳು ಮನೆಯಲ್ಲಿ.

ಮೂರನೆಯ ದಿನ ಹನ್ನೆರಡು ವರ್ಷದ ಮಗಳು ಕೇಳಿದಳು: “ಅಮ್ಮ, ನಾನೂ ಹೋಗ್ಲಾ?” ನಮ್ಮತ್ತೆ “ಹೆಣ್ಣುಹುಡುಗಿ ಬೀದಿಯಲ್ಲಿ ಚೆಂಡು ಒದೀತಾಳಾ?” ಅಂದರು. ನನಗೂ ಅಳುಕೇ. 2022ರಲ್ಲಿ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಫುಟ್‌ಬಾಲ್ ನಮ್ಮ ದೇಶದಲ್ಲೇ ನಡೆದದ್ದು ನೆನಪಾಯಿತು. ನಾನೇ ಜೊತೆಗೆ ಹೋಗಿ ಮೈದಾನದ ಅಂಚಿನಲ್ಲಿ ಸೊಪ್ಪು ಬಿಡಿಸುತ್ತಾ ಕೂತೆ. ಮರುದಿನ ಇನ್ನೂ ಮೂವರು ತಾಯಂದಿರು ಹೆಣ್ಣುಮಕ್ಕಳನ್ನು ಕರೆತಂದರು. ಅತ್ತೆ ಈಗಲೂ ಗೊಣಗುತ್ತಾರೆ, ಆದರೆ ಮೊಮ್ಮಗಳಿಗೆ ಅಂಬಲಿ ಕಾಯಿಸಿಡುವವರು ಅವರೇ.

ಬೂಟಿಲ್ಲವೆಂದು ಬೇಸರ ಬೇಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. ಸೋತರೂ ಭಾರತದ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 2023ರಲ್ಲಿ ನಮ್ಮ ಕರ್ನಾಟಕ ತಂಡ 54 ವರ್ಷಗಳ ಮೇಲೆ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು.

ನಿಮ್ಮೂರಲ್ಲೂ ಶುರು ಮಾಡುವುದಾದರೆ ಕೆಲವು ಮಾತು:

ಶಾಲೆಯ ಮೈದಾನಕ್ಕೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಮೊದಲೇ ಕೇಳಿ. ಆಟಕ್ಕೆ ಮುಂಚೆ ಕಲ್ಲು, ಗಾಜಿನ ಚೂರು, ಮುಳ್ಳು ಮಕ್ಕಳಿಂದಲೇ ಆರಿಸಿಬಿಡಿ.

ಎಂಟರಿಂದ ಹನ್ನೆರಡರ ಮಕ್ಕಳಿಗೆ ನಾಲ್ಕನೇ ನಂಬರ್ ಚೆಂಡು, ಅದಕ್ಕೆ ದೊಡ್ಡವರಿಗೆ ಐದನೇ ನಂಬರ್. ಕಡೆಗೆ ಹನ್ನೊಂದು ಮಂದಿಯೇ ಬೇಕೆಂದಿಲ್ಲ. ಚಿಕ್ಕ ಜಾಗದಲ್ಲಿ ಐದೈದು ಜನ ಸಾಕು.

ಬರೀ ಹೊಟ್ಟೆಯಲ್ಲಿ ಕಳಿಸಬೇಡಿ, ಹೊಟ್ಟೆ ಬಿರಿಯೆ ತಿನ್ನಿಸಿಯೂ ಕಳಿಸಬೇಡಿ. ಅರ್ಧ ಲೋಟ ರಾಗಿ ಅಂಬಲಿ, ಬಂದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ. ತುಂಬಾ ಬೆವರಿ ಸುಸ್ತಾದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಮಟ್ಟಸವಾಗಿ ಅಳೆದು ಹಾಕಿ, ಗುಟುಕು ಗುಟುಕಾಗಿ ಕುಡಿಸಿ.

ತಲೆ ಸುತ್ತಿ, ವಾಂತಿಯಾಗಿ, ಮೈ ಕೆಂಡವಾಗಿ ಮಗು ಏನೇನೋ ಮಾತಾಡಿದರೆ ಅದು ಬಿಸಿಲು ಹೊಡೆತ. ನೆರಳಿಗೆ ಒಯ್ದು, ಮೈಗೆಲ್ಲಾ ನೀರು ಚಿಮುಕಿಸಿ ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ರಜದಲ್ಲಿ ಕೊರಟಗೆರೆಯಲ್ಲಿರುವ ನನ್ನ ತಂಗಿಯೂ ಅವರ ಬೀದಿಯಲ್ಲಿ ಚೆಂಡು ಕೊಡಿಸಿದ್ದಾಳೆ. ಒಂದು ಭಾನುವಾರ ಎರಡೂ ಕಡೆಯ ಮಕ್ಕಳನ್ನು ಸೇರಿಸಿ ಆಡಿಸಬೇಕೆಂದಿದ್ದೇವೆ. ಗೆಲ್ಲುವುದು ಸೋಲುವುದು ಅವರ ಪಾಡು. ಮಗ ಮನೆಗೆ ಬಂದಾಗ ಚಡ್ಡಿಗೆ ಕೆಂಪು ಧೂಳು ಮೆತ್ತಿರುತ್ತದೆ. ಒಗೆಯುವಾಗ ಕೈ ನೋಯುತ್ತದೆ ನಿಜ. ಒದ್ದೆ ಚಡ್ಡಿ ಕಂಡ ಆ ದಿನ ನೆನೆದರೆ ಈ ನೋವು ಯಾವ ಲೆಕ್ಕ ಹೇಳಿ!