ಪಕ್ಕದ ಗಿಡ ಏಕೆ ಒಣಗಲಿಲ್ಲ?

ದತ್ತ ಜಯಂತಿಯ ಉತ್ಸವಕ್ಕೆಂದು ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರಕ್ಕೆ ಹೋಗುವವರಿಗೆ ದಾರಿಯಲ್ಲಿ ತೊಗರಿಯ ಹೊಲಗಳು ಎದುರಾಗುತ್ತವೆ. ಮಾರ್ಗಶಿರ ಮಾಸವೆಂದರೆ ಹೂವು ಕಾಯಿಗಟ್ಟುವ ಕಾಲ. ನೆಟೆ ರೋಗ ತನ್ನ ಪೂರ್ಣ ಸ್ವರೂಪವನ್ನು ತೋರುವುದೂ ಹೆಚ್ಚಾಗಿ ಈ ದಿನಗಳಲ್ಲಿಯೇ. ಹಿಂದಿನ ವಾರ ತುಂಬಿ ನಿಂತಿದ್ದ ಗಿಡ ಎಲೆ ಜೋಲುಬಿಟ್ಟು ಒಣಗತೊಡಗುತ್ತದೆ. ಆ ವೇಳೆಗೆ ರೈತನ ಖರ್ಚೆಲ್ಲ ಮುಗಿದಿರುತ್ತದೆ, ಆದಾಯ ಮಾತ್ರ ಬಂದಿರುವುದಿಲ್ಲ.

ಸೇವೆಯಲ್ಲಿದ್ದಾಗ ಈ ಭಾಗದ ಹಳ್ಳಿಯೊಂದರಲ್ಲಿ ರೈತರ ತರಬೇತಿ ಶಿಬಿರದ ಅಧ್ಯಕ್ಷತೆ ವಹಿಸುವ ಪ್ರಸಂಗ ಬಂದಿತ್ತು. ಉಪನ್ಯಾಸಕ್ಕೆ ಬಂದಿದ್ದ ವಿಜ್ಞಾನಿ ವಿದ್ವಾಂಸರು. ತಮ್ಮ ವಿಷಯದಲ್ಲಿ ಆಳವಾಗಿ ಕೆಲಸ ಮಾಡಿದವರು. ಪರದೆಯ ಮೇಲೆ ಇಂಗ್ಲಿಷ್ ಕೋಷ್ಟಕಗಳು ಒಂದಾದ ಮೇಲೊಂದು ಸರಿದವು. ಕೊನೆಗೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: 'ಸಾಹೇಬ್ರೇ, ಒಂದೇ ಹೊಲ, ಒಂದೇ ಬೀಜ, ಒಂದೇ ಸಾಲು. ಈ ಗಿಡ ಒಣಗ್ಯಾದ, ಬಾಜೂದು ಹಸರ ಅದ. ಯಾಕ?' ಬಿತ್ತುವ ಮುನ್ನ ಬೀಜೋಪಚಾರ ಮಾಡಬೇಕೆಂಬ ಸಲಹೆಯೇ ಉತ್ತರವಾಗಿ ಬಂತು. ಸಲಹೆ ಸರಿಯಾದದ್ದೇ. ಆದರೆ ಆ ಹಿರಿಯರು ಕೇಳಿದ್ದು ಕಾರಣವನ್ನು. ವಂದನಾರ್ಪಣೆಯ ಹೊತ್ತಾಗಿತ್ತು, ಅಧ್ಯಕ್ಷನಾಗಿದ್ದ ನಾನೂ ಆ ಪ್ರಶ್ನೆಯನ್ನು ಮುಂದುವರಿಸಲಿಲ್ಲ.

ಅದಕ್ಕೆ ಉತ್ತರವಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನೆಟೆಗೆ ಕಾರಣ ಫ್ಯುಸೇರಿಯಮ್ ಉಡಮ್ ಎಂಬ ಶಿಲೀಂಧ್ರ. ಕಿತ್ತುಳಿದ ಬೇರು ಕೂಳೆಗಳಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನ ಮೂಲಕ ಒಳಸೇರಿ ನೀರು ಸಾಗುವ ನಾಳಗಳನ್ನು ಕಟ್ಟುತ್ತದೆ. ಒಣಗಿದ ಗಿಡದ ಕಾಂಡವನ್ನು ಸೀಳಿ ನೋಡಿದರೆ ಒಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ಈ ಶಿಲೀಂಧ್ರ ಹೊಲದ ತುಂಬ ಸಮನಾಗಿ ಹರಡಿರುವುದಿಲ್ಲ ಎಂಬುದು ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ. ಉಳಿದರ್ಧ ಇನ್ನೂ ಸ್ವಾರಸ್ಯಕರವಾದುದು. ಇತರ ಅನೇಕ ಬೇಳೆಕಾಳುಗಳಂತೆ ತೊಗರಿ ಪೂರ್ತಿಯಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆಯಲ್ಲ. ಜೇನ್ನೊಣಗಳು ಒಂದು ಹೊಲದ ಪರಾಗವನ್ನು ಮತ್ತೊಂದಕ್ಕೆ ಒಯ್ಯುತ್ತವೆ. ಹಲವೆಡೆಯ ಅಳತೆಗಳಲ್ಲಿ ಈ ಬೆರಕೆ ಶೇ 20ನ್ನೂ ಮೀರಿದೆ. ರೋಗ ತಡೆಯುವ ತಳಿಯನ್ನು ತಂದು, ಅದರ ಬೀಜವನ್ನೇ ವರ್ಷವರ್ಷವೂ ಎತ್ತಿಟ್ಟು ಬಿತ್ತಿದರೆ, ನೆರೆಯ ಹೊಲದ ತಳಿಯ ಗುಣ ಅದರಲ್ಲಿ ಸೇರುತ್ತಾ ಹೋಗುತ್ತದೆ. ಹಿರಿಯರು 'ಒಂದೇ ಬೀಜ' ಎಂದು ನಂಬಿದ್ದು ಬಹುಶಃ ಒಂದೇ ಬೀಜವಾಗಿರಲಿಲ್ಲ.

ಇಷ್ಟನ್ನು ಹೇಳಲು ಐದು ನಿಮಿಷ ಸಾಕಾಗಿತ್ತು. ಹೇಳಿದ್ದರೆ, ಬೀಜಕ್ಕೆ ಬಿಡುವ ತುಂಡನ್ನು ದೂರ ಬಿತ್ತಬೇಕು, ಕೆಲವು ವರ್ಷಕ್ಕೊಮ್ಮೆ ಮೂಲ ಬೀಜ ತರಬೇಕು ಎಂಬುದನ್ನು ಅವರು ತಾವೇ ಊಹಿಸಿಕೊಳ್ಳುತ್ತಿದ್ದರು.

ಹುಮನಾಬಾದಿನಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಪಟಾನ್‌ಚೆರು ಇದೆ. ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1972ರಿಂದ ಅಲ್ಲಿದೆ. ತೊಗರಿ ಅದರ ಪ್ರಮುಖ ಬೆಳೆಗಳಲ್ಲೊಂದು. ನೆಟೆ ತಡೆಯುವ 'ಮಾರುತಿ' ತಳಿ ಅಲ್ಲಿಂದ ಬಂದು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. 1992–93ರ ವೇಳೆಗೆ ಈ ಸೀಮೆಯ ತೊಗರಿ ಕ್ಷೇತ್ರದ ಸುಮಾರು ಶೇ 60ರಷ್ಟನ್ನು ಅದು ವ್ಯಾಪಿಸಿತ್ತೆಂದು ಆ ಸಂಸ್ಥೆಯ ಅರ್ಥಶಾಸ್ತ್ರಜ್ಞರೇ ಲೆಕ್ಕ ಹಾಕಿದ್ದಾರೆ. ರೈತ ಹೊಸತನ್ನು ಒಪ್ಪುವುದಿಲ್ಲ ಎಂದು ಕಚೇರಿಗಳಲ್ಲಿ ಆಗಾಗ ಕೇಳಿಬರುವ ಮಾತಿಗೆ ಇದಕ್ಕಿಂತ ತಕ್ಕ ಉತ್ತರವಿಲ್ಲ. ಬೀಜವೇನೋ ಬಂತು, ಅದು ಹೇಗೆ ಕೆಲಸ ಮಾಡುತ್ತದೆ, ಯಾವಾಗ ಕೈಕೊಡುತ್ತದೆ ಎಂಬ ತಿಳಿವಳಿಕೆ ಅದರ ಜೊತೆಗೆ ಬರಲಿಲ್ಲ. ಹಾಗಾಗಿ ತಳಿ ಕೈಕೊಟ್ಟ ವರ್ಷ ರೈತ ಬೈದದ್ದು ಬೀಜದ ಅಂಗಡಿಯವನನ್ನು.

2022–23ರ ಹಂಗಾಮಿನಲ್ಲಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ನೆಟೆ ರೋಗ ವ್ಯಾಪಕವಾಗಿ ಕಾಣಿಸಿಕೊಂಡು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ರೈತರು ನೆಟೆ ಎಂದು ಕರೆಯುವುದರಲ್ಲಿ ಒಂದಕ್ಕಿಂತ ಹೆಚ್ಚು ರೋಗಗಳು ಅಡಗಿರುತ್ತವೆ: ಫ್ಯುಸೇರಿಯಮ್ ಒಂದು, ಒಣ ಬೇರುಕೊಳೆ ಮತ್ತೊಂದು. ಒಂದರ ಮದ್ದು ಇನ್ನೊಂದಕ್ಕೂ ನಾಟಲೇಬೇಕೆಂದಿಲ್ಲ. ಪರಿಹಾರದ ಚೆಕ್ಕಿನೊಡನೆ ಈ ವ್ಯತ್ಯಾಸವನ್ನು ವಿವರಿಸುವ ಒಂದು ಪುಟವನ್ನೂ ಕಳುಹಿಸಬಹುದಿತ್ತಲ್ಲವೇ?

ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳಿಲ್ಲ ಎಂಬ ಆಕ್ಷೇಪ ಹಳೆಯದು. ಅದಕ್ಕಿಂತ ಹಳೆಯದು ಅದಕ್ಕೆ ದೊರೆತ ಉತ್ತರ. ಮದರಾಸು ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಬೆಳಕು ಬದಲಿಸುವ ತಾರೆಯೊಂದನ್ನು ಗುರುತಿಸಿದವರು; 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಫೆಲೋ ಆದವರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ಹಾಯುವುದಿತ್ತು. ಜಗತ್ತಿನ ಖಗೋಳಜ್ಞರೆಲ್ಲ ಸಿದ್ಧರಾಗುತ್ತಿದ್ದಾಗ ಆಚಾರಿಯವರು ಅದೇನು, ಅದರಿಂದ ಸೂರ್ಯನ ದೂರವನ್ನು ಅಳೆಯುವುದು ಹೇಗೆ ಎಂಬುದನ್ನು ಜನಸಾಮಾನ್ಯರಿಗೆ ತಿಳಿಸಲು ಪುಸ್ತಿಕೆ ಬರೆದರು. ಅದು ಇಂಗ್ಲಿಷಿನೊಡನೆ ಕನ್ನಡ, ಉರ್ದುಗಳಲ್ಲಿಯೂ ಬಂತು. ಹುಮನಾಬಾದ್ ಆಗ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿನ ಪೇಟೆಯಲ್ಲಿ ಇಂದಿಗೂ ಕೇಳಿಬರುವ ಭಾಷೆಗಳು ಇವೇ, ಜೊತೆಗೆ ಮರಾಠಿ. ಆಗ ಪಾರಿಭಾಷಿಕ ಪದಕೋಶ ಸಮಿತಿಗಳಿರಲಿಲ್ಲ. ವಿಷಯವನ್ನು ಸ್ವತಃ ಬಲ್ಲವರು ಬರೆದರು, ಅಷ್ಟೇ. ಮುಂದೆ ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಬರೆದದ್ದೂ ಹೀಗೆಯೇ.

ಬಸವಕಲ್ಯಾಣದ ಶರಣರನ್ನು ಇಲ್ಲಿ ಎಳೆದು ತರುವುದು ಸುಲಭ. ಭಾಷಣಗಳಲ್ಲಿ ಅದು ಸಾಕಷ್ಟು ಆಗಿದೆ. ಮಾಣಿಕಪ್ರಭುಗಳ (1817–1865) ಉದಾಹರಣೆ ಇದಕ್ಕೆ ಇನ್ನೂ ಹತ್ತಿರದ್ದು. ಅವರು ಮರಾಠಿ, ಕನ್ನಡ, ಹಿಂದಿ, ಉರ್ದು, ಸಂಸ್ಕೃತಗಳಲ್ಲಿ ಪದಗಳನ್ನು ರಚಿಸಿದರು. ಬಂದವರೆಲ್ಲ ತಮ್ಮ ಭಾಷೆ ಕಲಿತು ಬರಲಿ ಎಂದು ಅವರು ಕಾಯಲಿಲ್ಲ.

ವಿಜ್ಞಾನಿಗಳ ಕಷ್ಟವನ್ನೂ ಒಪ್ಪಬೇಕು. ಅವರ ಬಡ್ತಿ ನಿರ್ಧಾರವಾಗುವುದು ಇಂಗ್ಲಿಷ್ ನಿಯತಕಾಲಿಕಗಳಲ್ಲಿ ಪ್ರಕಟವಾದ ಪ್ರಬಂಧಗಳಿಂದ. ಹುಮನಾಬಾದಿನಲ್ಲಿ ಕಳೆದ ಮಧ್ಯಾಹ್ನಕ್ಕೆ ಅಂಕವಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ, ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಜನರಿಗೆ ತಿಳಿಯುವಂತೆ ಬರೆದರೆ ಬಹುಮಾನ ಕೊಡುವ ಯೋಜನೆಯನ್ನು ಆರಂಭಿಸಿತು. ಅದರ ಹೆಸರು 'ಅವಸರ್'. ಕನ್ನಡಿಗರ ಕಿವಿಗೆ ಅದು ಆತುರವೆಂದೇ ಕೇಳಿಸುತ್ತದೆ, ಉದ್ದೇಶವೇನೋ ಒಳ್ಳೆಯದು. ಆದರೆ ಬಹುಮಾನ ಬೇರೆ, ಕರ್ತವ್ಯ ಬೇರೆ.

ಈಗ ನಡೆದಿರುವ ಕೆಲಸವನ್ನೇ ನೋಡಿ. 2011ರಲ್ಲಿ ತೊಗರಿಯ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ಣ ಪಾಠದ ಕರಡು ಸಿದ್ಧವಾಯಿತು. ಇಕ್ರಿಸ್ಯಾಟ್ ನೇತೃತ್ವದ ತಂಡ ಅದರಲ್ಲಿ 48,680 ವಂಶವಾಹಿಗಳನ್ನು ಅಂದಾಜಿಸಿತು. 2025ರಲ್ಲಿ ಅದೇ ಸಂಸ್ಥೆ 45 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಲನ್ನು ತಾಳಿ, ಸುಮಾರು 125 ದಿನಗಳಲ್ಲಿ ಮಾಗುವ ಬೇಸಿಗೆ ತೊಗರಿ ತಳಿಯನ್ನು ಪ್ರಕಟಿಸಿತು. ಐಸಿಪಿವಿ 25444 ಎಂಬ ಆ ತಳಿಯ ಪರೀಕ್ಷೆ ಕರ್ನಾಟಕದಲ್ಲಿಯೂ ನಡೆದಿದೆ. ಸುದ್ದಿ ಸಂತೋಷದ್ದು. ಆದರೆ ಹುಮನಾಬಾದಿನ ರೈತನ ಪ್ರಶ್ನೆಗಳು ಬೇರೆ. ಬೇಸಿಗೆಯಲ್ಲಿ ನೀರೆಷ್ಟು ಬೇಕು? ನೆಟೆಯನ್ನು ತಡೆಯುತ್ತದೆಯೇ? ವರ್ಷಕ್ಕೆರಡು ಸಲ ತೊಗರಿ ನಿಂತರೆ ಮಣ್ಣಿನಲ್ಲಿರುವ ಶಿಲೀಂಧ್ರಕ್ಕೆ ಹಬ್ಬವಾಗುವುದಿಲ್ಲವೇ? ಇವುಗಳಲ್ಲಿ ಕೆಲವಕ್ಕೆ 'ಇನ್ನೂ ನೋಡುತ್ತಿದ್ದೇವೆ' ಎಂಬುದೇ ಪ್ರಾಮಾಣಿಕ ಉತ್ತರವಾಗಬಹುದು. ಹಾಗೆ ಹೇಳಿದರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆಂಬ ಭಯ ನಮ್ಮ ಆಡಳಿತಗಾರರಿಗೆ ಇದ್ದಷ್ಟು ವಿಜ್ಞಾನಿಗಳಿಗೆ ಇರಬೇಕಿಲ್ಲ. ಮಳೆಯನ್ನು ನಂಬಿ ಬಿತ್ತುವವನಿಗೆ ಅನಿಶ್ಚಿತತೆ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ.

ವಿವರಣೆ ಎಂದರೆ ಮೇಲಿನಿಂದ ಕೆಳಕ್ಕೆ ಸುರಿಯುವ ವಸ್ತುವೂ ಅಲ್ಲ. 1997–98ರಲ್ಲಿ ಕಾಯಿಕೊರಕ ಹುಳು ಈ ಸೀಮೆಯ ತೊಗರಿಯನ್ನು ಹಾಳುಗೆಡವಿತು. ಸಿಂಪಡಿಸಿದ ಔಷಧಗಳೂ ಸೋತವು, ಸಾಲಕ್ಕೆ ಸಿಕ್ಕಿದ ರೈತರು ಪ್ರಾಣ ಕಳೆದುಕೊಂಡರು. ಆಗ ವಿಜ್ಞಾನಿಗಳು ಗಮನಿಸಿ ಪ್ರಚಾರ ಮಾಡಿದ್ದು ರೈತರದೇ ಹಳೆಯ ಉಪಾಯವನ್ನು: ಗಿಡ ಅಲುಗಿಸಿ, ಕೆಳಗೆ ಹಾಸಿದ ಹಾಳೆಯ ಮೇಲೆ ಹುಳು ಉದುರಿಸುವುದು. ಜೋಳದೊಡನೆ ತೊಗರಿ ಬಿತ್ತಿದರೆ ನೆಟೆ ಕಡಿಮೆಯಾಗುತ್ತದೆಂದು ಪ್ರಯೋಗಗಳು ತೋರಿಸಿದ್ದೂ ಅಜ್ಜಂದಿರ ಅಕ್ಕಡಿ ಬೇಸಾಯವನ್ನೇ.

ರಾಯಚೂರು ಕೃಷಿ ವಿಶ್ವವಿದ್ಯಾಲಯವಾಗಲಿ, ಬೀದರದ ಕೃಷಿ ವಿಜ್ಞಾನ ಕೇಂದ್ರವಾಗಲಿ ನಡೆಯುವುದು ಸಾರ್ವಜನಿಕ ಹಣದಲ್ಲಿ. ಪ್ರತಿ ಸಂಶೋಧನಾ ಯೋಜನೆಯ ವಾರ್ಷಿಕ ವರದಿಯೊಡನೆ ಎರಡು ಪುಟ ಕನ್ನಡದಲ್ಲಿರಲಿ: ಏನನ್ನು ಹುಡುಕುತ್ತಿದ್ದೇವೆ, ಏನು ಸಿಕ್ಕಿತು, ಏನು ಸಿಕ್ಕಿಲ್ಲ. ಅದನ್ನು ಬರೆಯುವವರು ಪ್ರಚಾರಾಧಿಕಾರಿಯಲ್ಲ, ಸಂಶೋಧಕರೇ ಆಗಿರಲಿ. ವರ್ಷಕ್ಕೊಮ್ಮೆ, ತೊಗರಿ ಹೊಲದಲ್ಲಿರುವಾಗಲೇ, ಜನ ಸೇರುವಲ್ಲಿ ಕುಳಿತು ಅವರೇ ಅದನ್ನು ಹೇಳಲಿ. ಮಾಣಿಕನಗರದ ಉತ್ಸವ ಆ ದಿನಗಳಲ್ಲೇ ಬರುತ್ತದೆ. ಪರದೆ, ಯಂತ್ರ ಏನೂ ಬೇಕಿಲ್ಲ. ಸೀಳಿದ ಎರಡು ಕಾಂಡಗಳು, ಒಂದು ಒಣಗಿದ್ದು, ಒಂದು ಹಸುರಾದದ್ದು, ಕೈಯಲ್ಲಿದ್ದರೆ ಸಾಕು. ಇದಕ್ಕೆ ಹೊಸ ಅನುದಾನವೂ ಬೇಡ. ವರದಿಯ ನಮೂನೆಯಲ್ಲಿ ಒಂದು ಕಲಂ ಸೇರಿಸಬೇಕು, ಅಷ್ಟೇ. ಅಂಥ ಎಷ್ಟೋ ಕಲಂಗಳನ್ನು ಇದಕ್ಕಿಂತ ಕಡಿಮೆ ಕಾರಣಕ್ಕೆ ನಾವೇ ಸೇರಿಸಿದ್ದೇವೆ.