ಅಕ್ಷರವಿಲ್ಲದ ಊರಿಗೂ ನೀರು ಬರುತ್ತದೆ

“ನಮ್ಮ ಮನೆ ಯಾವ ಜೋನಿನಲ್ಲೂ ಇಲ್ಲ, ನಮಗೇನೂ ಆಗುವುದಿಲ್ಲ.” ಫ್ಲೋರಿಡಾದ ಒಳನಾಡಿನ ಒರ್ಲಾಂಡೊ ನಗರದಲ್ಲಿ ಚಂಡಮಾರುತದ ಮುನ್ಸೂಚನೆ ಬಂದಾಗಲೆಲ್ಲ ಕೇಳಿಬರುವ ಮಾತಿದು. ಮಾತಿನ ಮೊದಲರ್ಧ ನಿಜ. ಕರಾವಳಿಯ ಕೌಂಟಿಗಳಲ್ಲಿ ತಗ್ಗು ಪ್ರದೇಶಗಳಿಗೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟಿರುತ್ತಾರೆ. ಮೊದಲು ಮನೆ ಬಿಡಬೇಕಾದವರು ಎ ವಲಯದವರು. ಒರ್ಲಾಂಡೊ ಇರುವ ಆರೆಂಜ್ ಕೌಂಟಿಗೆ ಅಂಥ ವಲಯಗಳೇ ಇಲ್ಲ. ಆದರೆ ಮಾತಿನ ಉಳಿದರ್ಧ ಜೀವಕ್ಕೆ ಎರವಾಗಬಲ್ಲ ಸುಳ್ಳು. ಆ ಅಕ್ಷರಗಳು ಉತ್ತರಿಸುವುದು ಒಂದೇ ಪ್ರಶ್ನೆಗೆ: ಕಡಲು ಈ ಮನೆಯವರೆಗೆ ಬಂದೀತೇ? ಬಿರುಗಾಳಿ ಕಡಲ ನೀರನ್ನು ದಂಡೆಯ ಮೇಲಕ್ಕೆ ಒತ್ತರಿಸಿಕೊಂಡು ತರುವ ಉಬ್ಬರವನ್ನು, ಅಂದರೆ ಸ್ಟಾರ್ಮ್ ಸರ್ಜನ್ನು, ಲೆಕ್ಕಹಾಕಿ ಬರೆದ ನಕ್ಷೆ ಅದು. ಆಕಾಶದಿಂದ ಸುರಿಯುವ ನೀರು, ಉರುಳುವ ಮರ, ದಿನಗಟ್ಟಲೆ ಇಲ್ಲದ ಕರೆಂಟು, ಇವು ಯಾವುವೂ ಅದರಲ್ಲಿಲ್ಲ. ಹೀಗಿರುವಾಗ ನಕ್ಷೆಯಲ್ಲಿ ಬಣ್ಣ ಬಳಿದಿಲ್ಲವೆಂದು ನಿಶ್ಚಿಂತೆಯಿಂದ ಮಲಗುವುದು ಹೇಗೆ?

ಒರ್ಲಾಂಡೊದವರಿಗೆ ಸಾಕ್ಷಿಗಾಗಿ ದೂರ ಹೋಗಬೇಕಿಲ್ಲ. 2004ರ ಆಗಸ್ಟ್ 13ರಂದು ಚಾರ್ಲಿ, 2022ರ ಸೆಪ್ಟೆಂಬರ್ 28ರಂದು ಇಯನ್, ಈ ಎರಡೂ ಚಂಡಮಾರುತಗಳು ಫ್ಲೋರಿಡಾದ ನೈಋತ್ಯ ಕರಾವಳಿಯ ಕಾಯೊ ಕೋಸ್ಟಾ ಎಂಬ ಒಂದೇ ದ್ವೀಪದಲ್ಲಿ ದಡ ಮುಟ್ಟಿದವು. ಆಗ ಎರಡರ ಗಾಳಿಯ ವೇಗವೂ ಗಂಟೆಗೆ 150 ಮೈಲಿ, ಎರಡೂ ನಾಲ್ಕನೇ ದರ್ಜೆಯವು. ಚಿಕ್ಕದಾಗಿದ್ದ ಚಾರ್ಲಿ ಧಾವಿಸುತ್ತ ಬಂದು ಅದೇ ರಾತ್ರಿ ಒರ್ಲಾಂಡೊವನ್ನು ದಾಟಿತು. ವಿಮಾನ ನಿಲ್ದಾಣದಲ್ಲಿ ಗಂಟೆಗೆ 105 ಮೈಲಿಯ ಬೀಸು ದಾಖಲಾಯಿತು, ಓಕ್ ಮರಗಳು ಮನೆಗಳ ಮೇಲೆ ಬಿದ್ದವು. ಇಯನ್ ಅಗಲವಾಗಿತ್ತು, ನಿಧಾನವಾಗಿತ್ತು. ಒರ್ಲಾಂಡೊ ಸುತ್ತ ಕೆಲವೆಡೆ ಒಂದಡಿಗೂ ಹೆಚ್ಚು ಮಳೆ ಸುರಿಯಿತು. ಅದೂ ಜೂನಿನಿಂದ ಸುರಿದ ಮಳೆಗಾಲದ ಕೊನೆಯಲ್ಲಿ. ನೆಲ ನೆನೆದಿತ್ತು, ಕೆರೆಗಳು ತುಂಬಿದ್ದವು. ನಗರದ ಪಶ್ಚಿಮಕ್ಕಿರುವ ಓರ್ಲೊ ವಿಸ್ಟಾ ಬಡಾವಣೆಯಲ್ಲಿ ನೀರು ಮನೆಗಳೊಳಗೆ ನುಗ್ಗಿ, ಜನರನ್ನು ಅಲ್ಲಿಂದ ಹೊರಗೆ ಸಾಗಿಸಬೇಕಾಯಿತು. 2017ರಲ್ಲಿ ಇರ್ಮಾ ಬಂದಾಗಲೂ ಮುಳುಗಿದ ಬಡಾವಣೆ ಅದು. ಉತ್ತರಕ್ಕೆ ಹರಿಯುವ ಸೇಂಟ್ ಜಾನ್ಸ್ ನದಿಯಂತೂ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ಹತ್ತು ಮೀಟರಿನಷ್ಟೂ ಇಳಿಯದ ಸೋಮಾರಿ ನದಿ. ಅದರ ದಂಡೆಯ ಸ್ಯಾನ್‌ಫರ್ಡ್‌ನಲ್ಲಿ ಬಿರುಗಾಳಿ ದಾಟಿ, ಬಿಸಿಲು ಬಂದು, ವಾರ ಕಳೆದ ಮೇಲೂ ನೀರು ಏರುತ್ತಲೇ ಇತ್ತು. ಚಾರ್ಲಿಯನ್ನು ಕಂಡವರು “ನಾವು ನೋಡದ ಗಾಳಿಯೇ” ಎನ್ನುತ್ತಾರೆ. ಅವರು ನೋಡಿದ್ದು ಗಾಳಿಯನ್ನು. ಇಯನ್ ತಂದದ್ದು ನೀರನ್ನು. ದರ್ಜೆಯ ಅಂಕಿ ಇದನ್ನು ಹೇಳುವುದಿಲ್ಲ, ಏಕೆಂದರೆ ಸಾಫಿರ್–ಸಿಂಪ್ಸನ್ ಮಾಪಕ ಅಳೆಯುವುದು ಗಾಳಿಯ ವೇಗವೊಂದನ್ನೇ. ಮಳೆ ಎಷ್ಟು ಸುರಿಯುತ್ತದೆ ಎಂಬುದು ಬಹುಮಟ್ಟಿಗೆ ಬಿರುಗಾಳಿ ಎಷ್ಟು ಹೊತ್ತು ತಲೆಯ ಮೇಲೆ ನಿಲ್ಲುತ್ತದೆ ಎಂಬುದರ ಮೇಲಿದೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಉತ್ತರ ಕೆರೊಲಿನಾದ ಬೆಟ್ಟಗಳ ನಡುವಿನ ಆಶ್‌ವಿಲ್ ತಲುಪುವ ಹೊತ್ತಿಗೆ ಅದಕ್ಕೆ ಚಂಡಮಾರುತದ ದರ್ಜೆಯೇ ಉಳಿದಿರಲಿಲ್ಲ. ಕಡಲಮಟ್ಟದಿಂದ 2,000 ಅಡಿ ಮೇಲಿರುವ ಆ ಊರಿನ ನದಿ 1916ರ ದಾಖಲೆ ಮುರಿಯಿತು. ನಲ್ಲಿಯಲ್ಲಿ ಮತ್ತೆ ಕುಡಿಯುವ ನೀರು ಬಂದದ್ದು ನವೆಂಬರ್ 18ಕ್ಕೆ.

ಹಾಗಿದ್ದರೆ ಒಳನಾಡಿಗೂ ಸರ್ಕಾರ ಅಕ್ಷರ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಡಲಿನ ಆಳ, ದಂಡೆಯ ಆಕಾರ ಬೇಗ ಬದಲಾಗುವುದಿಲ್ಲ. ಆದ್ದರಿಂದ ಉಬ್ಬರ ಎಲ್ಲಿಯವರೆಗೆ ಬಂದೀತೆಂದು ವರ್ಷಗಳ ಮುಂಚೆಯೇ ಗೆರೆ ಎಳೆಯಬಹುದು. ಮಳೆಯ ದಟ್ಟ ಪಟ್ಟಿ ಯಾವ ಬಡಾವಣೆಯ ಮೇಲೆ ನಿಲ್ಲುತ್ತದೆ ಎಂದು ಹಾಗೆ ಗೆರೆ ಎಳೆಯಲಾಗದು. ಇನ್ನೊಂದು ಕಾರಣ ಇನ್ನೂ ಮುಖ್ಯವಾದುದು: ಊರು ಬಿಟ್ಟು ಓಡುವುದೇ ಕೊಲ್ಲುತ್ತದೆ. 2005ರಲ್ಲಿ ರೀಟಾ ಬರುವ ಮುನ್ನ ಹ್ಯೂಸ್ಟನ್ ಕಡೆಯಿಂದ ಹೊರಟ ಜನಸಾಗರದಲ್ಲಿ ಸುಮಾರು ನೂರು ಮಂದಿ ದಾರಿಯಲ್ಲೇ ಸತ್ತರು. ಅವರಲ್ಲಿ 23 ಮಂದಿ ವೃದ್ಧಾಶ್ರಮದಿಂದ ಹೊರಟಿದ್ದ ಒಂದೇ ಬಸ್ಸಿಗೆ ಬೆಂಕಿ ಹೊತ್ತಿಕೊಂಡು ತೀರಿಕೊಂಡವರು. ಒಳನಾಡಿನವರೆಲ್ಲ ಕಾರು ಹತ್ತಿದರೆ, ನಿಜವಾಗಿ ಹೊರಡಲೇಬೇಕಾದ ಕರಾವಳಿಯವರಿಗೆ ರಸ್ತೆ ಉಳಿಯುವುದಿಲ್ಲ. ಆದ್ದರಿಂದ ನೀರಿನಿಂದ ಓಡು, ಗಾಳಿಯಿಂದ ಅವಿತುಕೋ ಎಂಬುದು ಅಲ್ಲಿನ ವಿಪತ್ತು ನಿರ್ವಹಣೆಯವರ ಸೂತ್ರ. ಓಡುವುದೆಂದರೆ ನೂರಾರು ಮೈಲಿಯಲ್ಲ. ಎತ್ತರದಲ್ಲಿರುವ ಗೆಳೆಯರ ಗಟ್ಟಿ ಮನೆಯೂ ಆದೀತು. ಮೊಬೈಲ್ ಹೋಮಿನಲ್ಲಿರುವವರು, ಕೆರೆಯ ಪಕ್ಕದ ತಗ್ಗಿನಲ್ಲಿರುವವರು, ಕರೆಂಟಿನಿಂದ ನಡೆಯುವ ಆಮ್ಲಜನಕ ಯಂತ್ರ ನೆಚ್ಚಿಕೊಂಡವರು ಅಕ್ಷರವಿಲ್ಲದಿದ್ದರೂ ಮನೆ ಬಿಡಬೇಕು. ಉಳಿದವರು ಇದ್ದಲ್ಲೇ ಸಿದ್ಧರಾಗಬೇಕು. “ಹೊರಡಬೇಕಿಲ್ಲ” ಎಂಬುದು “ಏನೂ ಮಾಡಬೇಕಿಲ್ಲ” ಎಂದಾಗಿಬಿಡುವುದೇ ಇಲ್ಲಿನ ದೊಡ್ಡ ಅನಾಹುತ.

ಗೊಂದಲ ಹೆಚ್ಚಿಸಲು ಇನ್ನೊಂದು ನಕ್ಷೆಯಿದೆ. ಕೇಂದ್ರ ಸಂಸ್ಥೆ ಫೆಮಾ ವಿಮೆಗಾಗಿ ಬರೆದ ಪ್ರವಾಹ ನಕ್ಷೆಯಲ್ಲೂ ಅಕ್ಷರಗಳೇ ಇವೆ: ಎ, ಎಇ, ಎಕ್ಸ್. ಅಲ್ಲಿನ ಎ, ಕರಾವಳಿಯ ಎ ಅಲ್ಲ. ತೆರವಿನ ವಲಯ ಹುಡುಕಹೋಗಿ ಪ್ರವಾಹ ನಕ್ಷೆಯ ಎಕ್ಸ್ ನೋಡಿ ಸಮಾಧಾನಪಟ್ಟುಕೊಳ್ಳುವವರು, ಆ ಎಕ್ಸ್ ಎಂದರೆ ಅಪಾಯ ಕಡಿಮೆ ಎಂದೇ ಹೊರತು ಇಲ್ಲವೆಂದಲ್ಲ ಎಂಬುದನ್ನು ಓದುವುದಿಲ್ಲ. “ನೂರು ವರ್ಷಕ್ಕೊಮ್ಮೆ ಬರುವ ನೆರೆ” ಎಂಬ ಮಾತೂ ಹೀಗೇ ದಾರಿ ತಪ್ಪಿಸುತ್ತದೆ. ವರ್ಷಕ್ಕೆ ಶೇಕಡ 1ರ ಸಂಭವವೆಂದರೆ 30 ವರ್ಷದ ಗೃಹಸಾಲ ತೀರುವುದರೊಳಗೆ ಶೇಕಡ 26. ದಾರಿ ತಪ್ಪಿಸುವ ನಂಬಿಕೆಗಳು ಇನ್ನೂ ಇವೆ. ಕಿಟಕಿಗೆ ಅಡ್ಡಡ್ಡ ಟೇಪು ಅಂಟಿಸಿದರೆ ಗಾಜು ಉಳಿಯದು. ಒಳಗಿನ ಒತ್ತಡ ಇಳಿಸಲೆಂದು ಕಿಟಕಿ ತೆರೆದಿಟ್ಟರೆ ಗಾಳಿ ಒಳನುಗ್ಗಿ ಚಾವಣಿಯನ್ನೇ ಎತ್ತೀತು. ಮುನ್ಸೂಚನೆಯ ಶಂಕುವಿನಾಕಾರದ ಚಿತ್ರ ಬಿರುಗಾಳಿಯ ಕೇಂದ್ರ ಸಾಗಬಹುದಾದ ದಾರಿಯನ್ನು ತೋರಿಸುತ್ತದೆ, ಅದರ ಅಗಲವನ್ನಲ್ಲ. ಒಂದು ಅಕ್ಷರ, ಒಂದು ಅಂಕಿ, ಒಂದು ಬಣ್ಣದ ಚಿತ್ರ ಸಿಕ್ಕರೆ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಡುವ ಈ ಅಭ್ಯಾಸ ನನ್ನನ್ನು ಕಂಗೆಡಿಸುತ್ತದೆ. ನಕ್ಷೆ ಸುಳ್ಳು ಹೇಳುತ್ತಿಲ್ಲ; ಅದು ಹೇಳದ ಮಾತನ್ನು ಅದರ ಬಾಯಿಗೆ ನಾವೇ ತುರುಕುತ್ತಿದ್ದೇವೆ.

ಸಿದ್ಧತೆ ದೊಡ್ಡ ವಿದ್ಯೆಯೇನಲ್ಲ. ತಲೆಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್ ನೀರು, ಒಲೆ ಹಚ್ಚದೆ ತಿನ್ನಬಹುದಾದ ಆಹಾರ, ಔಷಧಿ, ಟಾರ್ಚು. ಜನರೇಟರ್ ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ ಹೊರಗಿರಬೇಕು. ಗ್ಯಾರೇಜಿನಲ್ಲಿಟ್ಟರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದ್ದವರನ್ನು ಕೊಲ್ಲುತ್ತದೆ. ನೀರು ನಿಂತ ರಸ್ತೆಗೆ ಕಾರಿಳಿಸಕೂಡದು. ಎರಡಡಿ ಹರಿಯುವ ನೀರು ಬಹುತೇಕ ಕಾರುಗಳನ್ನು ಎತ್ತಿಕೊಂಡು ಹೋಗುತ್ತದೆ. ಇನ್ನು ಸಾಮಾನ್ಯ ಗೃಹವಿಮೆ ನೆರೆಯ ನಷ್ಟ ತುಂಬಿಕೊಡುವುದಿಲ್ಲ, ಬಾಡಿಗೆದಾರರ ವಿಮೆಯೂ ಅಷ್ಟೆ. ಅಲ್ಲಿ ಬಾಡಿಗೆ ಮನೆ ಹಿಡಿದಿರುವ ಕನ್ನಡಿಗರು ತಮ್ಮ ಸಾಮಾನಿಗಷ್ಟೇ ಪ್ರತ್ಯೇಕ ಪ್ರವಾಹ ವಿಮೆ ಕೊಳ್ಳಬಹುದು. ಆದರೆ ಸರ್ಕಾರಿ ಯೋಜನೆಯ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತದೆ. ಚಂಡಮಾರುತದ ಋತು ಶುರುವಾಗುವುದು ಜೂನ್ 1ಕ್ಕೆ. ಅರ್ಜಿ ಏಪ್ರಿಲ್ ಮುಗಿಯುವುದರೊಳಗೆ ಹೋಗಿರಬೇಕು.