ಒಗೆದ ಬಟ್ಟೆಯ ಪರಿಮಳವೂ ಚರ್ಮದ ಕ್ಷೇಮವೂ

ಚಿಕ್ಕಮಗಳೂರಿನಿಂದ ಬಾಬಾಬುಡನ್ ಗಿರಿಗೆ ಏರುವ ದಾರಿಯಲ್ಲಿ ನಮ್ಮ ಅತ್ತಿಗುಂಡಿಯಿರುವುದು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆರೆಬೆಟ್ಟಗಳ ಮಡಿಲಿನಲ್ಲಿರುವ ಈ ಊರಿಗೆ ಆಷಾಢ ಶ್ರಾವಣಗಳಲ್ಲಿ ಸೂರ್ಯದರ್ಶನವೇ ದುರ್ಲಭ. ಮೋಡವು ಆಕಾಶದಲ್ಲಿ ನಿಲ್ಲದೆ ಬಾಗಿಲೊಳಕ್ಕೇ ಬರುವುದು. ಸೋಮವಾರ ಒಗೆದು ಹರವಿದ ಪಂಚೆಯು ಗುರುವಾರವಾದರೂ ಒಣಗದು; ಒಣಗಿದಂತೆ ಕಂಡರೂ ಮುಗ್ಗಲು ವಾಸನೆ ಅದನ್ನು ಬಿಡದು. ಕಾಫಿಯ ಸೀಮೆಯ ಗೃಹಿಣಿಯರಿಗೆ ಈ ಕಷ್ಟವನ್ನು ವಿವರಿಸಬೇಕಾದುದಿಲ್ಲ. ಆದರೆ ಅದಕ್ಕೆ ನಾವು ಮಾಡುವ ಪರಿಹಾರವೇ ಕೆಲವೊಮ್ಮೆ ರೋಗಕ್ಕೆ ಕಾರಣವಾಗುವುದೆಂಬುದನ್ನು ನಾನು ಅನುಭವದಿಂದ ಕಲಿತೆನಾದ್ದರಿಂದ, ವಾಚಕರ ಮುಂದಿಡುವ ಸಾಹಸ ಮಾಡಿರುವೆನು.

ಕಳೆದ ವರ್ಷದ ಮಳೆಗಾಲದಲ್ಲಿ ಮೂರು ವರ್ಷದ ನನ್ನ ಮೊಮ್ಮಗಳು ತಾಯಿಯೊಡನೆ ನಮ್ಮಲ್ಲಿಗೆ ಬಂದಿದ್ದಳು. ಮಗುವಿನ ಅಂಗಿಗಳು ಮುಗ್ಗಲು ನಾರುವುದನ್ನು ಸಹಿಸಲಾರದೆ, ಬಟ್ಟೆಯನ್ನು ಮೃದುಗೊಳಿಸಿ ಹೂವಿನ ಪರಿಮಳ ಕೊಡುವ ದ್ರವವೊಂದನ್ನು ನಾನು ಪೇಟೆಯಿಂದ ತಂದೆನು. ಕಡೆಯ ನೀರಿಗೆ ಒಂದು ಮುಚ್ಚಳ ಹಾಕೆಂದು ಬರೆದಿದ್ದಲ್ಲಿ ಎರಡು ಮುಚ್ಚಳ ಹಾಕುತ್ತ ಬಂದೆನು. ವಾರ ಕಳೆಯುವುದರೊಳಗೆ ಮಗುವಿನ ಕತ್ತು, ಕಂಕುಳು, ಮೊಣಕೈಯ ಮಡಿಕೆಗಳಲ್ಲಿ ಕೆಂಪು ಗಂದೆಗಳೆದ್ದವು. ರಾತ್ರಿಯೆಲ್ಲ ಕೆರೆದುಕೊಂಡು ಅಳುತ್ತಿತ್ತು. ನಮ್ಮ ಮನೆಯವರು ನಂಜೆಂದು ಬದನೆಕಾಯಿಯನ್ನು ನಿಲ್ಲಿಸಿದರು. ನಾನು ಶೀತದ ದೋಷವೆಂದು ಶಾಲು ಹೊದಿಸಿದೆನು. ಆ ಶಾಲಿನಲ್ಲಿಯೂ ಅದೇ ಪರಿಮಳ! ಕಡೆಗೆ ಚರ್ಮವೈದ್ಯರ ಬಳಿಗೆ ಹೋದಾಗ ಅವರು ಮಗುವಿನ ಮೈಯನ್ನು ನೋಡಿ, ಬಳಿಕ ಅಂಗಿಯನ್ನು ಮೂಸಿ ನೋಡಿ, "ಮೊದಲು ಈ ವಾಸನೆಯನ್ನು ಬಿಡಿಸಿರಿ ಮೇಷ್ಟ್ರೇ" ಎಂದರು. ಮುಲಾಮಿನೊಡನೆ ಆ ಪಥ್ಯವನ್ನೂ ನಡೆಸಿದ ಎರಡು ವಾರಗಳಲ್ಲಿ ಮೈ ತಿಳಿಯಾಯಿತು. ನಿರಪರಾಧಿಯಾದ ಬದನೆಕಾಯಿಯು ಪುನಃ ಅಡಿಗೆಮನೆಯನ್ನು ಸೇರಿತು.

ದುರ್ಗಂಧವು ಎಲ್ಲಿಂದ ಬರುವುದೆಂಬುದನ್ನು ಮೊದಲು ತಿಳಿಯಬೇಕು. ಮೈಯ ಬೆವರು, ಜಿಡ್ಡು, ಉದುರಿದ ಚರ್ಮದ ಕಣಗಳು ನೂಲಿನೆಳೆಗಳಲ್ಲಿ ಉಳಿಯುವುವು. ಬಟ್ಟೆ ಬಹುಕಾಲ ಒದ್ದೆಯಾಗಿದ್ದರೆ ಸೂಕ್ಷ್ಮಾಣುಜೀವಿಗಳು ಇವನ್ನು ತಿಂದು ಬೆಳೆಯುವುವು. ಒಗೆದು ಮನೆಯೊಳಗೆ ಒಣಗಿಸಿದ ಬಟ್ಟೆಯ ವಾಸನೆಗೆ ಮೊರಾಕ್ಸೆಲಾ ಓಸ್ಲೊಯೆನ್ಸಿಸ್ ಎಂಬ ಜೀವಾಣುವು ಒಂದು ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಹೀಗಿರಲಾಗಿ ಮೇಲೆ ಸುಗಂಧ ಸುರಿಯುವುದು ಕಸವನ್ನು ಗುಡಿಸದೆ ಅದರ ಮೇಲೆ ಜಮಖಾನ ಹಾಸಿದಂತೆಯೇ ಸರಿ. ವಾಸನೆ ಮರೆಯಾಗುವುದು, ಅದರ ಮೂಲವು ಹಾಗೆಯೇ ಉಳಿಯುವುದು.

ಇನ್ನು ಸುಗಂಧವು ಚರ್ಮಕ್ಕೆ ಹಗೆಯಾಗುವ ಬಗೆ. ಕೆಲವರ ದೇಹವು ಪರಿಮಳದ್ರವ್ಯಗಳಲ್ಲಿ ಒಂದೆರಡನ್ನು ಶತ್ರುವೆಂದು ಗುರುತಿಟ್ಟುಕೊಳ್ಳುವುದು. ಆ ಬಳಿಕ ಅಲ್ಪಸ್ಪರ್ಶವಾದರೂ ತುರಿಯೇಳುವುದು. ಯುರೋಪ್ ಒಕ್ಕೂಟದಲ್ಲಿ ಇಂತಹ 26 ದ್ರವ್ಯಗಳು ನಿಯತ ಪ್ರಮಾಣಕ್ಕಿಂತ ಹೆಚ್ಚಾಗಿದ್ದರೆ ಬಟ್ಟೆ ಒಗೆಯುವ ಪುಡಿ ದ್ರವಗಳ ಮೇಲೆ ಅವುಗಳ ಹೆಸರನ್ನು ಮುದ್ರಿಸತಕ್ಕದ್ದೆಂಬ ವಿಧಿಯು 2005ರಲ್ಲಿ ಜಾರಿಗೆ ಬಂದಿತು. ನಿಂಬೆ ಕಿತ್ತಳೆಗಳ ಸಿಪ್ಪೆಯ ಲಿಮೊನೀನ್, ಲ್ಯಾವೆಂಡರ್ ಹೂವಿನ ಲಿನಲೂಲ್, ಚಕ್ಕೆಯ ಸಿನ್ನಮಾಲ್ ಇವೆಲ್ಲ ಆ ಪಟ್ಟಿಯಲ್ಲಿವೆ. ಮೊದಲಿನೆರಡು ಗಾಳಿಗೆ ತೆರೆದಿಟ್ಟಷ್ಟೂ ಉತ್ಕರ್ಷಣ ಹೊಂದಿ ಚರ್ಮಕ್ಕೆ ಇನ್ನೂ ಉಗ್ರವಾಗುವುವು. ಆದಕಾರಣ ಪ್ರಕೃತಿಯಿಂದ ಬಂದುದೆಲ್ಲ ನಿರಪಾಯಕರವೆಂಬ ಭ್ರಮೆ ಬೇಡ.

ಮಲೆನಾಡಿನವರಿಗೆ ಇದಕ್ಕೆ ಸಾಕ್ಷಿ ಹಿತ್ತಿಲಿನಲ್ಲಿಯೇ ಉಂಟು. ಸಂಸ್ಕೃತದಲ್ಲಿ ಭಲ್ಲಾತಕವೆನ್ನುವ ಗೇರುಕಾಯಿಯ ಕಪ್ಪು ರಸದಿಂದ ಹಿಂದೆ ಅಗಸರು ಬಟ್ಟೆಗಳಿಗೆ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ ಅಂಗಿಯ ಗುರುತು ತಗುಲುವ ಕಡೆಯಲ್ಲಿಯೇ ಬೊಕ್ಕೆಗಳೆದ್ದವು. ವೈದ್ಯರು 1943ರಲ್ಲಿ ಇದನ್ನು ಅಗಸರ ಗುರುತಿನ ಚರ್ಮರೋಗವೆಂದೇ ವರ್ಣಿಸಿದರು. ಒಗೆದು ಒಣಗಿಸಿದ ಬಟ್ಟೆಯಲ್ಲಿ ಉಳಿದ ಒಂದು ಚುಕ್ಕೆಯೇ ಇಷ್ಟು ಮಾಡಬಲ್ಲದಾದರೆ, ಇಡೀ ಅಂಗಿಗೆ ಲೇಪಿಸಿದ ದ್ರವ್ಯದ ವಿಷಯದಲ್ಲಿ ಎಚ್ಚರ ಬೇಡವೇ?

ವೃತ್ತಿಯ ಅಭ್ಯಾಸಬಲದಿಂದ ಹಳೆಯ ಗ್ರಂಥಗಳನ್ನೂ ತೆರೆದು ನೋಡಿದೆನು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ರೇಷ್ಮೆ ಉಣ್ಣೆಗಳಿಗೆ ಚೌಳುಮಣ್ಣು, ಕಂಬಳಿಗೆ ಅಂಟುವಾಳ, ನಾರುಮಡಿಗೆ ಬಿಳಿಸಾಸಿವೆ ಎಂದು ಆಯಾ ವಸ್ತ್ರಕ್ಕೆ ತಕ್ಕ ಶೋಧಕವನ್ನು ಹೇಳಿದೆ. ಅಲ್ಲಿ ಸುಗಂಧದ ಮಾತಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯಾದರೋ ಗಂಧಯುಕ್ತಿಯೆಂಬ ಪ್ರಕರಣವೇ ಇದ್ದು, ಅದರಲ್ಲಿ ಪಟವಾಸವೆಂಬ, ಬಟ್ಟೆಗೆ ಪರಿಮಳ ಕೊಡುವ ಪುಡಿಯ ವಿಧಾನವಿರುವುದು. ಲಾವಂಚವೂ ಏಲಕ್ಕಿಯೂ ಅದರಲ್ಲಿ ಸೇರುವುವು. ನಮ್ಮ ಕನ್ನಡದ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಗಂಧದ್ರವ್ಯಗಳಿಗೆ ಬೇರೆಯೇ ಅಧ್ಯಾಯ. ಶುದ್ಧಿಯು ಒಂದು ಕಾರ್ಯ, ಸುಗಂಧವು ಇನ್ನೊಂದು ಎಂದು ನಾನು ಇದರಿಂದ ಗ್ರಹಿಸಿದೆನು. ನಾವಾದರೋ ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿ, ಪರಿಮಳವಿದ್ದರೆ ಶುದ್ಧಿಯೂ ಆಯಿತೆಂದು ತೃಪ್ತಿಪಡುತ್ತಿರುವೆವು.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವ ಕ್ರಮವನ್ನು ಹೇಳುವೆನು. ಪರಿಮಳವನ್ನು ಸೇರಿಸದ ಸಾಬೂನುಪುಡಿ ಅಥವಾ ದ್ರವವನ್ನು ಕೊಂಡು, ಅಳತೆ ಮೀರದೆ ಉಪಯೋಗಿಸತಕ್ಕದ್ದು. ಪುಡಿ ಹೆಚ್ಚಾದರೆ ಬಟ್ಟೆ ಹೆಚ್ಚು ಶುಭ್ರವಾಗುವುದಿಲ್ಲ, ಪುಡಿಯೇ ಬಟ್ಟೆಯಲ್ಲಿ ಉಳಿಯುವುದು. ಚರ್ಮವು ಸ್ವಭಾವತಃ ತುಸು ಆಮ್ಲಗುಣವುಳ್ಳದ್ದು. ಸಾಬೂನಿನ ನೀರು ಕ್ಷಾರಗುಣದ್ದು. ಉಳಿದ ಕ್ಷಾರವು ಬೆವರಿನಲ್ಲಿ ಕರಗಿ ಮೈಯನ್ನು ಕೆರಳಿಸುವುದು. ಆದ್ದರಿಂದ ಮೂರು ಸಲ ಬೇರೆ ಬೇರೆ ನೀರಿನಲ್ಲಿ ಜಾಲಿಸಬೇಕು. ಕಡೆಯ ನೀರನ್ನು ಕೈಯಿಂದ ಬಡಿದಾಗ ನೊರೆಯೇಳದಿದ್ದರೆ ಸಾಕಾಯಿತೆಂದು ತಿಳಿಯಬಹುದು. ಯಂತ್ರದಲ್ಲಿ ಒಗೆಯುವವರು ಜಾಲಿಸುವ ಸುತ್ತನ್ನು ಇನ್ನೊಂದು ಹೆಚ್ಚಿಸಿಕೊಳ್ಳಲಿ.

ಟವಲು, ಒಳಉಡುಪು, ಮಗುವಿನ ಹತ್ತಿಬಟ್ಟೆ ಇವುಗಳಿಗೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಉತ್ತಮ. ಹಂಡೆಯ ಕುದಿನೀರು ಎರಡು ಪಾಲಿಗೆ ತಣ್ಣೀರು ಒಂದು ಪಾಲು ಬೆರೆಸಿದರೆ, ಬಟ್ಟೆ ಮುಳುಗಿಸಿದ ಬಳಿಕ ಬಿಸಿಯು ಸುಮಾರಾಗಿ ಅಷ್ಟಕ್ಕೆ ನಿಲ್ಲುವುದು. ಇದಕ್ಕೆ ಕೈಯಿಕ್ಕದೆ ಕೋಲಿನಿಂದ ತಿರುವತಕ್ಕದ್ದು. ಮಕ್ಕಳನ್ನು ಹತ್ತಿರ ಬಿಡಲಾಗದು. ಮುಗ್ಗಲು ಹಿಡಿದ ಹತ್ತಿಬಟ್ಟೆಯಾದರೆ, ಜಾಲಿಸುವ ಕಡೆಯ ಬಕೆಟ್ಟಿಗೆ ಅರ್ಧ ಲೋಟದಷ್ಟು ಬಿಳಿ ವಿನೆಗರನ್ನು ಸೇರಿಸಬಹುದು. ಅದು ಉಳಿದ ಕ್ಷಾರವನ್ನು ಶಮನಮಾಡುವುದು. ಅದರ ಹುಳಿವಾಸನೆಯು ಒಣಗುತ್ತಲೇ ಹೋಗುವುದು. ಬಟ್ಟೆ ಬಿಳುಪುಮಾಡುವ ಬ್ಲೀಚಿನೊಡನೆ ಮಾತ್ರ ಇದನ್ನು ಎಂದಿಗೂ ಸೇರಿಸಕೂಡದು. ಸೇರಿದರೆ ಕ್ಲೋರಿನ್ ಎಂಬ ವಿಷವಾಯುವು ಹುಟ್ಟುವುದು.

ಒಗೆತಕ್ಕಿಂತಲೂ ಒಣಗಿಸುವುದೇ ನಮ್ಮ ಸೀಮೆಯಲ್ಲಿ ಮುಖ್ಯ. ಬಿಸಿಲಿನ ದಿನ ದೊರೆತರೆ ಬೇರೆ ಸುಗಂಧವೇ ಬೇಡ. ಬಿಸಿಲಿನಲ್ಲಿ ಒಣಗಿದ ಟವಲಿಗೆ ಬರುವ ಹಿತವಾದ ವಾಸನೆಯನ್ನು ರಸಾಯನಜ್ಞರು 2020ರಲ್ಲಿ ಪರೀಕ್ಷಿಸಿ, ಒದ್ದೆ ನೂಲಿನ ಮೇಲೆ ಸೂರ್ಯರಶ್ಮಿ ಬಿದ್ದಾಗ ಪೆಂಟನಾಲ್, ನೊನನಾಲ್ ಮೊದಲಾದ ಸುವಾಸಿತ ದ್ರವ್ಯಗಳು ಉಂಟಾಗುವುವೆಂದು ಕಂಡರು. ಮಳೆಯ ದಿನಗಳಲ್ಲಿ ಒಗೆದ ಬಟ್ಟೆಯನ್ನು ಬಕೆಟ್ಟಿನಲ್ಲಿ ಬಿಡದೆ ಆಗಲೇ ಹಿಂಡಿ, ಒಣಟವಲಿನಲ್ಲಿ ಸುತ್ತಿ ಮತ್ತೊಮ್ಮೆ ಹಿಂಡಿ, ಸೂರಿನ ಕೆಳಗೆ ಒಂದಕ್ಕೊಂದು ತಗುಲದಂತೆ ಗೇಣು ಬಿಟ್ಟು ಹರವಬೇಕು. ಬೀಸಣಿಗೆ ಯಂತ್ರದ ಗಾಳಿ ತಗುಲಿದರೆ ಇನ್ನೂ ಮೇಲು. ಕಡೆಗೆ ಎರಡು ಮಗ್ಗುಲಿಗೂ, ಹಬೆಯೇಳುವುದು ನಿಲ್ಲುವ ತನಕ ಇಸ್ತ್ರಿ ಹಾಕಬೇಕು. ದಿನಕ್ಕೆ ಒಂದು ಬಕೆಟ್ ಬಟ್ಟೆಯನ್ನೇ ಒಗೆಯಿರಿ. ವಾರದ ರಾಶಿಯನ್ನು ಒಂದೇ ದಿನ ಒಗೆದರೆ ಹರವುವುದಕ್ಕೆ ಸ್ಥಳ ಸಾಲದು.

ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಒಣಗಿಸುವುದು ನಮ್ಮ ಹಿರಿಯರ ಪದ್ಧತಿ. ಅದರಿಂದ ಬಟ್ಟೆ ಒಣಗುವುದು ನಿಜ, ಆದರೆ ಹೊಗೆ ಹಿಡಿಯುವುದು. ಕೆಂಡದ ಮೇಲೆ ಬುಟ್ಟಿ ಕವಿದು, ಸಾಂಬ್ರಾಣಿ ಹಾಕಿ ಮಗುವಿನ ಬಟ್ಟೆಗೆ ಹೊಗೆ ಕೊಡುವವರೂ ಉಂಟು. ಮಗುವಿನ ಶ್ವಾಸಕ್ಕೂ ಚರ್ಮಕ್ಕೂ ಅದು ಹಿತವಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದಂತೂ ಪ್ರಾಣಾಪಾಯ. ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷವಾಯುವು ಅಲ್ಲಿ ತುಂಬಿಕೊಳ್ಳುವುದು.

ಪೆಟ್ಟಿಗೆಯಲ್ಲಿಡುವಾಗಲೂ ಒಂದು ಎಚ್ಚರಿಕೆ. ನುಸಿಗುಳಿಗೆಯೆನ್ನುವ ನ್ಯಾಫ್ತಲಿನ್ ಉಂಡೆಗಳನ್ನು ಕೂಸಿನ ಬಟ್ಟೆಗಳ ನಡುವೆ ಇಡಲೇಕೂಡದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಶಿಶುಗಳಲ್ಲಿ ಅದರ ಆವಿಯು ರಕ್ತಕಣಗಳನ್ನು ಒಡೆದು ತೀವ್ರವಾದ ಕಾಮಾಲೆಯನ್ನು ಉಂಟುಮಾಡಬಲ್ಲದು. ಕೊರತೆಯುಂಟೆಂಬುದು ತಾಯಿತಂದೆಗಳಿಗೆ ಮೊದಲೇ ತಿಳಿದಿರುವುದು ಅಪೂರ್ವ. ಅಜ್ಜಿಯ ಪೆಟ್ಟಿಗೆಯಿಂದ ತೆಗೆದ ಹಳೆಯ ಹೊದಿಕೆಯನ್ನು ಪ್ರೀತಿಯಿಂದ ಹಾಗೆಯೇ ಹೊದಿಸಬಾರದು. ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಉಪಯೋಗಿಸಬೇಕು.

ಆದರೂ ಪರಿಮಳ ಬೇಕೆನ್ನುವ ರಸಿಕರಿಗೆ ವರಾಹಮಿಹಿರನ ಲಾವಂಚವುಂಟು. ಒಣಗಿದ ಬೇರಿನ ಒಂದು ಹಿಡಿಯನ್ನು ದಪ್ಪ ಬಟ್ಟೆಯ ಚೀಲದಲ್ಲಿ ಹೊಲಿದು, ಬೀರುವಿನ ಮೂಲೆಯಲ್ಲಿ, ಬಟ್ಟೆಗೆ ತಗುಲದಂತೆ ತೂಗುಹಾಕಿದರೆ ಸಾಕು. ಈಗಾಗಲೇ ಇಸುಬು ಅಥವಾ ತುರಿಯಿರುವವರ ಬೀರುವಿಗೆ ಅದೂ ಬೇಡ. ಹೊಸ ಸಾಬೂನನ್ನು ತಂದಾಗ ಒಂದೇ ಅಂಗಿಯನ್ನು ಒಗೆದು ನಾಲ್ಕು ದಿನ ತೊಟ್ಟು ನೋಡಿರಿ. ಆಮೇಲೆ ಮನೆಯ ಬಟ್ಟೆಗೆಲ್ಲ ಬಳಸಿರಿ. ಇಷ್ಟಾದರೂ ತುರಿ ನಿಲ್ಲದಿದ್ದರೆ ಚರ್ಮವೈದ್ಯರಲ್ಲಿಗೆ ಹೋಗತಕ್ಕದ್ದು. ಯಾವ ದ್ರವ್ಯವು ಒಗ್ಗದೆಂಬುದನ್ನು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಕಂಡುಹಿಡಿಯುವ ಪರೀಕ್ಷೆಯು ಅವರಲ್ಲಿರುವುದು.

ಈ ವರ್ಷ ಮೊಮ್ಮಗಳು ಪುನಃ ಬಂದಳು. ಅವಳ ಅಂಗಿಯನ್ನು ಮೂಗಿಗೆ ಹಿಡಿದು ನೋಡಿದೆನು. ಹೂವೂ ಇಲ್ಲ, ಮುಗ್ಗಲೂ ಇಲ್ಲ, ಬರಿಯ ಬಟ್ಟೆ. ಅದನ್ನು ತೊಟ್ಟ ಮಗುವು ರಾತ್ರಿ ಒಮ್ಮೆಯೂ ಕೆರೆದುಕೊಳ್ಳದೆ ಬೆಳಗಿನವರೆಗೆ ನಿದ್ರಿಸಿತು. ಒಗೆದ ಬಟ್ಟೆಗೆ ಇದಕ್ಕಿಂತ ಹೆಚ್ಚಿನ ಪರಿಮಳವನ್ನು ನಾನು ಬಯಸುವುದಿಲ್ಲ.